ಐದನೇ ಡಿಸ್ಕ್

ನವೆಂಬರ್ 6, ಸೋಮವಾರ

ವಾಕಿಂಗ್, ಹಾಲು, ಬಿ.ಪಿ. ಮಾತ್ರೆ, ಪೇಪರು. ಆಮೇಲೆ ಮತ್ತೆ ಐದನೇ ಡಿಸ್ಕ್. ಮತ್ತೆ ಅದೇ ಹಣೆಬರಹ.

ಮದುವೆ ಮಂಟಪ ಬರುತ್ತದೆ. ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಎಡಗಡೆಯಿಂದ ಮೂರನೆಯವಳು ವತ್ಸಲಾ, ಹಸಿರು ಸೀರೆ. ಹಾಡಲು ಬಾಯಿ ತೆರೆಯುತ್ತಾಳೆ — ಅಷ್ಟೇ. ಚಿತ್ರವೆಲ್ಲ ಚೌಕ ಚೌಕ. ಟಿ.ವಿ. ನೀಲಿ. ಪ್ಲೇಯರ್ ಒಳಗೆ ಕಟಕಟ ಕಟಕಟ.

ಎಂಟು ಡಿಸ್ಕಿನ ಸೆಟ್ಟು. ಉಳಿದ ಏಳೂ ಸಲೀಸಾಗಿ ಓಡುತ್ತವೆ. ಯಾರಿಗೆ ಬೇಕು ಅವು? ‘ಏಳು ಕಂಬದ ತೊಟ್ಟಿ’ ಧಾರಾವಾಹಿಯಲ್ಲಿ ಯಾರ ಮನೆಯನ್ನು ಯಾರು ಹಾಳು ಮಾಡಿದರು ಎಂದು ತಿಳಿದು ನನಗೇನಾಗಬೇಕು? ರಾಜ್ಯೋತ್ಸವದ ಮಳಿಗೆಯಲ್ಲಿ ಈ ಸೆಟ್ಟು ಕಣ್ಣಿಗೆ ಬಿದ್ದಾಗ ಎಗರಿ ಹಿಡಿದುಕೊಂಡದ್ದು ಒಂದೇ ಒಂದು ಹಾಡಿಗಾಗಿ. ನನ್ನ ಹೆಂಡತಿಯ ಹಾಡಿಗಾಗಿ.

ಹಳೇ ಬನಿಯನ್ನಿನಲ್ಲಿ ಒರೆಸಿದೆ. ಟೂತ್‌ಪೇಸ್ಟ್ ಹಚ್ಚಿ ತೊಳೆದೆ. ಈಗ ಡಿಸ್ಕಿಗೆ ಲವಂಗದ ವಾಸನೆ ಬಂದಿದೆ, ಹಾಡು ಬಂದಿಲ್ಲ.

ವತ್ಸಲಾ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಫೋನಿನಲ್ಲಿ ಟೈಪ್ ಮಾಡಿ ಮುಖದ ಮುಂದೆ ಹಿಡಿದಳು: "ಬಿಡಿ ಅತ್ಲಾಗೆ. ಅನ್ನ ಆರಿಹೋಗತ್ತೆ."

ನವೆಂಬರ್ 7

ಆಪರೇಷನ್ ಆಗಿ ಎರಡು ವರ್ಷವಾಗುತ್ತ ಬಂತು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳೀತಲ್ಲ ಅಂದರು ಡಾಕ್ಟರು. ನಿಜ, ಉಳಿಯಿತು. ಅಷ್ಟು ಸಾಕು ಅನ್ನಬೇಕು... ಅನ್ನಲು ಆಗುತ್ತಿಲ್ಲ.

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಮದುವೆಯೋ ನಾಮಕರಣವೋ ನಡೆದರೆ ಮೊದಲು ಹೇಳಿಕಳಿಸುತ್ತಿದ್ದದ್ದು ವತ್ಸಲಾಗೆ. ಆರತಿ ಹಾಡು ಅವಳದೇ. ಆದರೆ ಯಾರಾದರೂ ರೆಕಾರ್ಡ್ ಮಾಡಲು ಫೋನು ಎತ್ತಿದರೋ, ಹಾಡು ಬಂದ್! ಏನು ಹಟವೋ. ಈಗ ನನ್ನ ಫೋನಿನಲ್ಲಿ ಉಳಿದಿರುವ ಅವಳ ದನಿ ಇಷ್ಟೇ — "ರೀ, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ. ಬಾಡಿರೋದು ತರಬೇಡಿ." ಎಷ್ಟು ಸಲ ಕೇಳುವುದು ಅದನ್ನೇ.

ಧಾರಾವಾಹಿಯಲ್ಲಿ ಹಾಡಿದ್ದು ಮದುವೆಯಾದ ಹೊಸತರಲ್ಲಿ. ಪ್ರಸಾರವಾದ ಸಂಜೆ ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಡ್ಯೂಟಿ. ನೋಡಲಿಲ್ಲ. ಮಾರನೇ ದಿನ ಆಫೀಸಿಗೆಲ್ಲ ಮೈಸೂರು ಪಾಕ್ ಹಂಚಿದ್ದು ಮಾತ್ರ ನಾನೇ.

ನವೆಂಬರ್ 10

ಸೆಟ್ಟಿನ ಡಬ್ಬದ ಹಿಂದಿದ್ದ ನಂಬರಿಗೆ ಫೋನು. ಮಾಲೀಕ ಕೊಟ್ರಪ್ಪನೇ ಎತ್ತಿದ.

"ನಿಮ್ಮ ಪ್ಲೇಯರ್ ಯಾವ ಕಾಲದ್ದು ಸಾರ್?"

"ಪ್ಲೇಯರ್ ಸರಿ ಇದೆ ಕಣ್ರೀ. ಏಳು ಡಿಸ್ಕ್ ಓಡ್ತಾ ಇದೆಯಲ್ಲ?"

"ಲೆನ್ಸಲ್ಲಿ ಧೂಳು ಇರತ್ತೆ ಸಾರ್. ಒಂದ್ಸಲ ಕ್ಲೀನ್ ಮಾಡ್ಸಿ."

ಐದನೇ ಡಿಸ್ಕಿಗೆ ಮಾತ್ರ ಕಾಣಿಸಿಕೊಳ್ಳುವ ಧೂಳು! ಕಿರುಚಾಡಿದೆ. ಬೇರೆ ಕಳಿಸುತ್ತಾನಂತೆ, ದೀಪಾವಳಿ ಕಳೆಯಲಿ ಅಂತೆ.

ನವೆಂಬರ್ 24

ಬೇರೆ ಡಿಸ್ಕ್ ಕೊರಿಯರಿನಲ್ಲಿ ಬಂತು. ಕೈ ತೊಳೆದುಕೊಂಡು ಹಾಕಿದೆ. ಮಂಟಪ, ಸಾಲು, ಹಸಿರು ಸೀರೆ, ಬಾಯಿ ತೆರೆದಳು... ಕಟಕಟ ಕಟಕಟ.

ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದೇ ಜಾಗ.

ಡಿಸೆಂಬರ್ 2

ಈ ಸಲ ಪೂರ್ತಿ ಹೊಸ ಸೆಟ್ಟನ್ನೇ ಕಳಿಸಿದ ಪುಣ್ಯಾತ್ಮ. ಅದರ ಐದನೆಯದೂ ಅಲ್ಲೇ ನಿಂತಿತು. ರಿಮೋಟ್ ಎಸೆದೆ. ಬ್ಯಾಟರಿ ಸೋಫಾ ಕೆಳಗೆ ಹೋಯಿತು. ಬಗ್ಗಿ ತೆಗೆಯುವಷ್ಟರಲ್ಲಿ ಸೊಂಟ ಹಿಡಿಯಿತು.

ಉಲ್ಲಾಳದಿಂದ ಮಗಳ ಫೋನು. "ಯೂಟ್ಯೂಬಲ್ಲಿ ನೋಡಿದ್ಯಾ ಅಪ್ಪಾ?"

"ನೋಡ್ದೆ ರಾಗಿಣಿ. ಮೊದಲ್ನೇ ಹತ್ತು ಎಪಿಸೋಡ್ ಹಾಕಿ ಕೈಬಿಟ್ಟಿದಾರೆ."

"ಅಮ್ಮಂಗೇ ಬೇಡ ಅಂದ್ರೆ ನೀನ್ಯಾಕೆ ಹಿಂಗೆ ಬಿಪಿ ಏರಿಸ್ಕೊಳ್ತೀಯಾ? ಬಿಟ್ಬಿಡಪ್ಪ."

ಎಲ್ಲರೂ ಬಿಡು ಅನ್ನುವವರೇ. ಬಿಡಲು ನನ್ನ ಹತ್ತಿರ ಇನ್ನೇನಿದೆ?

ಡಿಸೆಂಬರ್ 5

ಖುದ್ದಾಗಿ ಹೋದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ನಾಯಂಡಹಳ್ಳಿ. ಟೈರ್ ಗೋಡೌನಿನ ಪಕ್ಕದ ಶೆಡ್ಡೇ ಇವನ ಕಂಪನಿ. ಕೊಟ್ರಪ್ಪ ಒಳ್ಳೇ ಮನುಷ್ಯನ ಹಾಗೆ ಕಾಣುತ್ತಾನೆ, ಅದೇ ಇನ್ನಷ್ಟು ಸಿಟ್ಟು ತರಿಸುವುದು. ಟೀ ತರಿಸಿದ. ತನ್ನ ಟಿ.ವಿ.ಯಲ್ಲೇ ಹಾಕಿ ನೋಡಿದ. ನಿಂತಿತು. ಹೊಸ ಪ್ರತಿ ತೆಗೆದು ನೋಡಿದ. ನಿಂತಿತು. ಕೊನೆಗೆ ಎಲ್ಲ ಪ್ರತಿಗಳಿಗೂ ತಾಯಿಯಾದ ಮಾಸ್ಟರ್ ಡಿಸ್ಕನ್ನು ಹೊರಗೆಳೆದು ಬೆಳಕಿಗೆ ಹಿಡಿದ.

ಹೊಳೆಯುವ ಮೈಮೇಲೆ ಕೆಂಪಗೆ ಒಂದು ಮಾಸಿದ ಬೊಟ್ಟು. ಸುತ್ತ ಗೀರೋ ಗೀರು.

"ಕುಂಕುಮ ಅಲ್ವೇನ್ರೀ ಇದು?"

"ಆಯುಧ ಪೂಜೆ ದಿನ ಇಟ್ವಿ ಸಾರ್. ಮಿಷನ್‌ಗೆ ಇಟ್ಟು ಮಾಸ್ಟರ್‌ಗೆ ಬಿಡಕ್ಕಾಗತ್ತಾ? ಅನ್ನ ಹಾಕೋದೇ ಅದು."

"ಹೊಳೆಯೋ ಕಡೆ ಇಟ್ಟಿದೀರಲ್ರೀ!"

"ಈ ಕಡೆ ಹೆಸರು ಬರೆದಿತ್ತಲ್ಲ ಸಾರ್. ಅಳಿಸಿಹೋಗತ್ತೆ ಅಂತ..."

"ಎಂಟರಲ್ಲಿ ಇದೇ ಬೇಕಿತ್ತಾ ನಿಮಗೆ?"

"ಮದುವೆ ಇರೋ ಡಿಸ್ಕಿಗೆ ಇಡಿ, ಶುಭ ಅಂದ್ರು ನಮ್ಮನೆಯವ್ರು. ಮಾರನೇ ದಿನ ಒಣ ಬಟ್ಟೇಲಿ ಉಜ್ಜಿ ಒರೆಸಿದೀನಿ ಸಾರ್, ಚೆನ್ನಾಗೇ."

ಬೈಯಲು ಬಾಯಿ ತೆರೆದೆ. ಏನೆಂದು ಬೈಯಲಿ? ಅದೇ ದಿನ ಸ್ಕೂಟರಿಗೆ, ಮಿಕ್ಸಿಗೆ, ಇದೇ ಪ್ಲೇಯರಿಗೆ ಕುಂಕುಮ ಇಟ್ಟು ಊದಿನಕಡ್ಡಿ ಹಚ್ಚಿದವನು ನಾನು. ಮೂಲ ಟೇಪ್ ಇದೆಯಂತೆ. ಅದನ್ನು ಓಡಿಸುವ ಮಿಷನ್ ರಿಪೇರಿಗೆ ಹೋಗಿದೆಯಂತೆ. ಸಂಕ್ರಾಂತಿಯ ಒಳಗೆ ಖಂಡಿತ ಅಂತೆ.

ಮನೆಗೆ ಬಂದು ವತ್ಸಲಾಗೆ ಹೇಳಿದೆ. ಸದ್ದಿಲ್ಲದೆ ನಕ್ಕಳು, ಭುಜವೆಲ್ಲ ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ. ಎಷ್ಟು ದಿನವಾಗಿತ್ತು ಹಾಗೆ ನಕ್ಕು. ಆಮೇಲೆ ಟೈಪ್ ಮಾಡಿದಳು: "ಆ ಟೇಪೂ ಕೆಟ್ಟಿರತ್ತೆ ಬಿಡಿ." ಏನು ಅಪಶಕುನದ ಮಾತೋ.

ಜನವರಿ 18

ಸಂಕ್ರಾಂತಿ ಹೋಯಿತು. ಎಳ್ಳು ಬೆಲ್ಲ ಖಾಲಿ. ಕೊಟ್ರಪ್ಪ ಫೋನ್ ಎತ್ತುತ್ತಿಲ್ಲ. ಅವನ ಶೆಡ್ಡಿಗಿಷ್ಟು... ಬೇಡ, ಬರೆಯುವುದಿಲ್ಲ.

ಫೆಬ್ರವರಿ 9, ಶುಕ್ರವಾರ

ಬೆಳಿಗ್ಗೆ ಕೊಟ್ರಪ್ಪ ತಾನೇ ಬಂದು ಕೊಟ್ಟುಹೋದ. ಟೇಪಿನಿಂದ ಹೊಸದಾಗಿ ಇಳಿಸಿದ್ದು. "ಪೂಜೆ ಮಾಡಿಲ್ಲ ಸಾರ್," ಅಂದ. ಊಟವಾಗುವ ತನಕ ಮುಟ್ಟಲಿಲ್ಲ.

ಸಂಜೆ

ಓಡಿತು. ಪೂರ್ತಿ ಓಡಿತು.

ಅವಳ ದನಿ ಅಲ್ಲ.

ಬಾಯಿ ತೆರೆದದ್ದು ವತ್ಸಲಾ, ಬಂದದ್ದು ಯಾರದ್ದೋ ತೆಳ್ಳಗಿನ, ಪಳಗಿದ ದನಿ. ಮತ್ತೆ ಹಾಕಿದೆ. ಅಲ್ಲ. ವತ್ಸಲಾದು ತುಂಬು ದನಿ, ಸಾಲಿನ ಕೊನೆಯಲ್ಲಿ ಒಂಚೂರು ಎಳೆಯುತ್ತಾಳೆ. ತಿರುಗಿ ನೋಡಿದೆ. ನಿಂತಲ್ಲೇ ಟೈಪ್ ಮಾಡುತ್ತಿದ್ದಳು, ಬಹಳ ಹೊತ್ತು.

"ಶೂಟಿಂಗಲ್ಲಿ ಹಾಡಿದ್ದು ನಾನೇ. ದನಿ ದಪ್ಪ, ಮೈಕಿಗೆ ಆಗಲ್ಲ ಅಂತ ಆಮೇಲೆ ಬೇರೆಯವರ ಹತ್ರ ಹಾಡ್ಸಿದಾರೆ. ನಂಗೂ ಟೀವೀಲಿ ಬಂದಾಗ್ಲೇ ಗೊತ್ತಾಗಿದ್ದು. ಹೇಳಣ ಅನ್ನೋಷ್ಟರಲ್ಲಿ ನೀವು ಮೈಸೂರು ಪಾಕ್ ಹಂಚಿ ಬಂದ್ರಿ."

ಫೋನು ಎತ್ತಿದರೆ ಹಾಡು ನಿಲ್ಲಿಸುತ್ತಿದ್ದದ್ದು ಇದಕ್ಕೇ. ಮೂವತ್ತು ವರ್ಷ ನಾನು ಅದನ್ನು ಹಟ ಎಂದುಕೊಂಡಿದ್ದೆ.

"ಇಷ್ಟು ದಿನ ಹುಚ್ಚನ ಹಾಗೆ ಅಲೆದೆನಲ್ಲೇ, ಒಂದು ಮಾತು ಹೇಳಬಾರದಾಗಿತ್ತಾ?" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಾರಿಗೆ ಏನು ಹೇಳು ಅನ್ನುತ್ತಿದ್ದೇನೆ.

ಅವಳು ಮತ್ತೆ ಟೈಪ್ ಮಾಡಿದಳು: "ಡಿಸ್ಕ್ ನಿಂತಾಗೆಲ್ಲ ನಂಗೆ ಖುಷಿ ಆಗ್ತಿತ್ತು. ಅದ್ರೊಳಗೆ ಹಾಡ್ತಿರೋದು ನಾನೇ ಅಂತ ನೀವು ಅಂದ್ಕೊಂಡಿದ್ರಲ್ಲ."

ಫೆಬ್ರವರಿ 13

ನಾಲ್ಕು ದಿನದಿಂದ ನಾನೂ ಮಾತಾಡುತ್ತಿಲ್ಲ. ಅವಳ ಮೇಲಿನ ಸಿಟ್ಟಲ್ಲ. ಯಾರ ಮೇಲೆ ಎಂದು ಗೊತ್ತಿಲ್ಲ. ದಪ್ಪ ಅಂತೆ ದನಿ! ಕಿವಿ ಇತ್ತೇ ಅವರಿಗೆ? ಮದುವೆಮನೆಯಲ್ಲಿ ಅವಳು ಹಾಡಿಗೆ ನಿಂತರೆ ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಆಚೆ ಬರುತ್ತಿದ್ದರು.

ಫೆಬ್ರವರಿ 18, ಭಾನುವಾರ

ತಿಂಡಿ ಆದ ಮೇಲೆ ಅವಳೇ ಡಿಸ್ಕ್ ಹಾಕಿದಳು. ಬೇಡ ಅಂದೆ. ಕೇಳಲಿಲ್ಲ. ಸರಿಯಾಗಿ ಹಾಡು ಶುರುವಾಗುವಾಗ ಮ್ಯೂಟ್ ಒತ್ತಿದಳು.

ದನಿ ಹೋದ ಮೇಲೆ ಉಳಿದದ್ದು ಹಸಿರು ಸೀರೆ, ತುಟಿ. ಆ ತುಟಿ ಅವಳದೇ. ಅದರ ಮೇಲಿನ ಹಾಡೂ ಅವಳದೇ. ನನ್ನ ತೊಡೆ ತಟ್ಟಿ, ನೀವು ಹಾಡಿ ಎಂದು ಸನ್ನೆ ಮಾಡಿದಳು.

"ನಾನಾ? ತಮಾಷೆ ಮಾಡ್ತೀಯಾ?"

ರಿಮೋಟ್ ಒತ್ತಿ ಹಿಂದಕ್ಕೆ ತಂದಳು. ಪದಗಳೆಲ್ಲ ನನಗೆ ಬಾಯಿಪಾಠ, ಮದುವೆಮನೆಗಳಲ್ಲಿ ಅವಳ ಬಾಯಲ್ಲಿ ಕೇಳಿ ಕೇಳಿ. ಹಾಡಿದೆ. ಅಂದರೆ, ಸದ್ದು ಮಾಡಿದೆ. ಹಣೆ ಚಚ್ಚಿಕೊಂಡಳು. ತಾಳ ಹಾಕಿ ತೋರಿಸಿದಳು. ಸಾಲಿನ ಕೊನೆ ಬಂದಾಗ ಬೆರಳಿನಲ್ಲಿ ಗಾಳಿಯನ್ನು ಎಳೆದಳು — ಇಷ್ಟು ಎಳೀರಿ, ಇಷ್ಟು. ಎಳೆದೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಇವಳು ಬಿಡಲಿಲ್ಲ. ಕೈ ಮೇಲೆ, ಇನ್ನೂ ಮೇಲೆ. ಅಷ್ಟು ಮೇಲಕ್ಕೆ ನನಗೆ ಬರಲ್ಲ ವತ್ಸಲಾ ಅಂದೆ. ಅವಳು ಕಣ್ಣು ಒರೆಸಿಕೊಂಡು ಮತ್ತೆ ಹಿಂದಕ್ಕೆ ಒತ್ತಿದಳು.

ಒಂದು ಲೋಟ ಬಿಸಿನೀರು ಕುಡಿದು ಬರ್ತೀನಿ ಎಂದು ಎದ್ದು ಬಂದು ಇದನ್ನು ಗೀಚುತ್ತಿದ್ದೇನೆ. ಹಾಲ್‌ನಲ್ಲಿ ಚಪ್ಪಾಳೆ ತಟ್ಟುತ್ತಿದ್ದಾಳೆ. ತಡವಾಯಿತಂತೆ. ಮರೆಯುವ ಮೊದಲು ಬರೆದಿಡಬೇಕು — ಎರಡನೇ ಸಾಲನ್ನು ಅವಳು ಎತ್ತಿಕೊಳ್ಳುತ್ತಿದ್ದದ್ದು ಕೆಳಗಿನಿಂದ ಅಲ್ಲ, ಮೊದಲು ಒಂದು ಉಸಿರು ನಿಲ್ಲಿಸಿ, ಆಮೇಲೆ—