ತೋಳಿನ ಒಳಗಿನ ಜೇಬು

ಮಾರ್ಚ್ ೧೪, ಗುರುವಾರ
ಪ್ರಯೋಗಾಲಯದಿಂದ

ಪ್ರೀತಿಯ ಅತ್ತಿಗೆ,

ಅಣ್ಣನ ರಕ್ತದೊತ್ತಡ ಮತ್ತು ನಿಮ್ಮ ಊರಿನ ಬಿಸಿಲು, ಇವೆರಡನ್ನು ಬಿಟ್ಟು ನಾವು ಬೇರೇನನ್ನೂ ಮಾತಾಡದೆ ಎರಡು ವರ್ಷವಾಯಿತು. ಫೋನು ಹಿಡಿದರೆ ನಾಲಿಗೆ ತಾನಾಗಿ ಸುಳ್ಳಿನ ಕಡೆ ಹೊರಳುತ್ತದೆ. ಅದಕ್ಕೇ ಈ ಕಾಗದ.

ಸೋಮವಾರ ಮಧ್ಯಾಹ್ನ ಇಬ್ಬರು ಹೆಂಗಸರು ಮಾಸಪತ್ರಿಕೆಯ ಕಚೇರಿಯಲ್ಲಿ ವಿಚಾರಿಸಿ, ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದರು. ಅಕ್ಕ ತಂಗಿಯರು. ತಂಗಿಗೆ ಕಿವಿ ಕೇಳಿಸುವುದಿಲ್ಲ, ಸೊಂಟದ ಮೇಲೆ ಎಂಟು ತಿಂಗಳ ಮಗು. ಆಕೆ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮೇಜಿನ ಮೇಲೆ ಹರಡಿದಳು. ಮಾಸಪತ್ರಿಕೆಯ ನಮ್ಮ ಹಳೆಯ ಪುಟ, ‘ಸೂಜಿ ಮತ್ತು ಸರ್ಕ್ಯೂಟು’. ಮಡಿಕೆಗಳಲ್ಲಿ ಹರಿದು ಟೇಪು ಅಂಟಿಸಿಕೊಂಡಿತ್ತು. ಕೆಳಗೆ ನಮ್ಮ ಸಹಿ, ‘ಅತ್ತಿಗೆ-ನಾದಿನಿ’.

ಐದು ವರ್ಷ ಬರೆದೆವಲ್ಲ ಅತ್ತಿಗೆ, ನಿಮ್ಮ ಹೊಲಿಗೆ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿಗೆ ಮೊಣಕೈ ಊರಿಕೊಂಡು. ಹಳದಿ ದೀಪದಡಿ ಲಿಪ್‌ಸ್ಟಿಕ್ಕಿನ ಬಣ್ಣ ಏಕೆ ಬದಲಾಗುತ್ತದೆ, ಹೆಣಿಗೆಯ ನಮೂನೆ ಓದಬಲ್ಲವಳಿಗೆ ಕಂಪ್ಯೂಟರ್ ಪ್ರೋಗ್ರಾಂ ಏಕೆ ಸುಲಭ, ಧೂಮಕೇತು ನೋಡಲು ಹೊರಟವಳ ಕೋಟಿಗೆ ಎಷ್ಟು ಜೇಬು ಬೇಕು. “ಉಗುರಿನ ಬಣ್ಣ ಒಣಗೋದ್ರೊಳಗೆ ಓದಿ ಮುಗೀಬೇಕು, ಆದ್ರೆ ವಾರವೆಲ್ಲ ತಲೇಲಿ ಕೊರೀತಿರ್ಬೇಕು” ಎನ್ನುವುದು ನಿಮ್ಮ ಕಟ್ಟಳೆ. ನಾನು ‘ಇಂಡಕ್ಟನ್ಸ್’ ಎಂದು ಬರೆದರೆ “ಇದ್ಯಾರಮ್ಮ ಹೊಸ ನೆಂಟ್ರು?” ಎಂದು ಗೀಟು ಎಳೆಯುತ್ತಿದ್ದಿರಿ.

ಆಕೆ ತೋರಿಸಿದ್ದು, ಮಗು ಅತ್ತರೆ ತಾಯಿಯ ತೋಳಿನಲ್ಲಿ ನಡುಗುವ ಪುಟ್ಟ ಮೋಟಾರಿನ ಪುಟ. ತೊಟ್ಟಿಲ ಬಳಿ ಮೈಕು, ಅಂಗಿಯ ತೋಳಿನೊಳಗೆ ಬಿಲ್ಲೆಯಷ್ಟು ಜೇಬು. ಗರ್ಭಿಣಿಯಾಗಿದ್ದಾಗಲೇ ಅಕ್ಕನ ಜೊತೆ ಕೂತು ಹೊಲಿದುಕೊಂಡಳಂತೆ. ಕಳೆದ ತಿಂಗಳು ಆಕೆ ಮಹಡಿಯಲ್ಲಿ ಬಟ್ಟೆ ಹಿಂಡುತ್ತಿದ್ದಾಗ ತೋಳು ನಡುಗಿತು. ಕೆಳಗೆ ಓಡಿ ಬಂದು ನೋಡಿದರೆ ಹೊದಿಕೆ ಮಗುವಿನ ಕುತ್ತಿಗೆಗೆ ಸುತ್ತಿಕೊಂಡಿತ್ತು. ಅಕ್ಕ ಇದನ್ನು ಹೇಳುವಾಗ ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಪುಸ್ತಕ ತೆಗೆದು ಬರೆದು ನನ್ನ ಕಡೆ ತಳ್ಳಿದಳು: “ಮಣಿಕಟ್ಟಿಗೆ ಬೇಡ, ತೋಳಿನ ಒಳಮಗ್ಗುಲಿಗೆ ಇಡಿ ಅಂತ ಹೇಳಿದ್ದು ನಿಮ್ಮಿಬ್ಬರಲ್ಲಿ ಯಾರು?”

ಮಣಿಕಟ್ಟಿಗೇ ಇರಲಿ ಎಂದು ಹಟ ಹಿಡಿದವಳು ನಾನು. “ಕೆಲ್ಸ ಮಾಡೋ ಹೆಂಗಸಿನ ಕೈ ಯಾವಾಗ್ಲೂ ಅಲ್ಲಾಡ್ತಿರುತ್ತೆ ಕಣೆ. ಪಾತ್ರೆ ಉಜ್ಜುವಾಗ ನಿನ್ ಮೋಟಾರು ಯಾರಿಗೆ ಗೊತ್ತಾಗುತ್ತೆ?” ಅಂದವರು ನೀವು. ಆದರೂ ಅತ್ತಿಗೆ, ಆಕೆ ಕೇಳಿದಾಗ ನಾನು ತಲೆಯಾಡಿಸಿದೆ. ನಾನೇ ಎನ್ನುವಂತೆ. ಆಕೆ ಎದ್ದು ಬಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕೈ ಒದ್ದೆಯಾದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಪೆನ್ನು ಇಸಿದುಕೊಂಡು “ನಾನಲ್ಲ, ನಮ್ಮ ಅತ್ತಿಗೆ” ಎಂದು ಬರೆದೆ. ಆಕೆ ಕೆಳಗೆ ಬರೆದಳು: “ಅವರು ಈಗ ಯಾಕೆ ಬರೆಯೋದಿಲ್ಲ?”

ಆಕೆಗೆ ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ.

ಎರಡು ವರ್ಷದ ಹಿಂದೆ ಪ್ರಾಧ್ಯಾಪಕಿ ಹುದ್ದೆಯ ಸಂದರ್ಶನದಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರು ನಮ್ಮ ಪುಟವನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದು, “ಲೇಸು, ಲಿಪ್‌ಸ್ಟಿಕ್ಕು... ಇದನ್ನ ನೀವು ಬರೀತೀರಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. “ಅದು ನಮ್ಮತ್ತಿಗೆ ಹುಚ್ಚು ಸಾರ್. ಮನೆಯವರಲ್ವಾ, ತಪ್ಪು ತಿದ್ದಿಕೊಡ್ತೀನಿ ಅಷ್ಟೆ” ಅಂದೆ. ಕೆಲಸ ಸಿಕ್ಕಿತು. ಅದೇ ವಾರ ನಿಮಗೆ ಪುಟ ನಿಂತುಹೋಯಿತು ಎಂದೆ. ಸಂಪಾದಕಿಗೆ, ಅತ್ತಿಗೆಗೆ ಬಿಡುವಿಲ್ಲವಂತೆ ಎಂದೆ. ಪುಟದ ಹೆಸರು ಬದಲಾಯಿಸಿ, ಕೆಳಗೆ ನನ್ನ ಪದವಿ, ಕಾಲೇಜು ಎಲ್ಲ ಹಾಕಿಕೊಂಡು ಒಬ್ಬಳೇ ಬರೆದೆ. ಆ ಬರಹವನ್ನು ಓದಿ ಮುಗಿಸಲು ಉಗುರಿನ ಬಣ್ಣ ಒಣಗುವುದಿರಲಿ, ಉಗುರೇ ಬೆಳೆಯುವಷ್ಟು ಹೊತ್ತು ಹಿಡಿಯುತ್ತಿತ್ತು.

ನಿಮಗದು ಸಿಕ್ಕಿದ ದಿನ ನೀವು ಫೋನು ಮಾಡಿ ಅಂದದ್ದು ಇಷ್ಟೇ: “ಹೊಸ ಸಂಚಿಕೆ ನೋಡ್ದೆ. ಚೆನ್ನಾಗಿ ಬರ್ದಿದೀಯ.” ಬೈದಿದ್ದರೆ ವಾದ ಮಾಡಿ ಗೆದ್ದುಬಿಡುತ್ತಿದ್ದೆ. ನೀವು ಬೈಯಲೇ ಇಲ್ಲ.

ಈಗ ಒಂದು ಕೆಲಸದ ಮಾತು. ಆ ತಾಯಿ ಹೊಲಿದುಕೊಂಡ ಮೂರು ಅಂಗಿಗಳಲ್ಲಿ ಎರಡು ಕೆಟ್ಟಿವೆ, ಅವನ್ನು ನನ್ನ ಬಳಿ ಬಿಟ್ಟುಹೋಗಿದ್ದಾಳೆ. ಒಗೆದಂತೆಲ್ಲ ವಿದ್ಯುತ್ ಹರಿಯುವ ದಾರ ಗಂಟಿನ ಬಳಿ ತುಂಡಾಗುತ್ತಿದೆ. ಮೂರು ದಿನದಿಂದ ಬೆಸುಗೆ ಹಾಕುತ್ತಿದ್ದೇನೆ. ಬೆಸೆದ ಜಾಗ ಕಡ್ಡಿಯಂತಾಗಿ ಮೊಣಕೈ ಮಡಚಿದೊಡನೆ ಮುರಿಯುತ್ತದೆ. ನೀವು ಗಂಟಿಗೆ ಉಗುರಿನ ಬಣ್ಣ ಹಚ್ಚುತ್ತಿದ್ದದ್ದು ನೆನಪಿದೆ. ಎಷ್ಟು ಸಲ, ಗಂಟು ಹಾಕುವ ಮೊದಲೋ ಆಮೇಲೋ, ಒಂದೂ ನೆನಪಿಲ್ಲ. ಆಗ ನಾನು ನೋಡುತ್ತಿರಲಿಲ್ಲ, ನಗುತ್ತಿದ್ದೆ. ಮಗು ಈಗ ಅಂಬೆಗಾಲಿಡುತ್ತಿದೆ, ಇರುವುದು ಒಂದೇ ಅಂಗಿ. ಕೆಟ್ಟ ಎರಡನ್ನೂ ಈ ಕಾಗದದ ಜೊತೆಗಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಆಕೆಯ ವಿಳಾಸ ಜೇಬಿನೊಳಗಿದೆ. ನೇರವಾಗಿ ಅವಳಿಗೇ ಕಳಿಸಿ, ನನ್ನ ಮೂಲಕ ಬೇಡ.

ನಿನ್ನೆ ಸಂಪಾದಕಿಯ ಎದುರು ಕೂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೀವು ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಲ್ಲ” ಅಂದರು. ಮುಂದಿನ ಸಂಚಿಕೆಯಲ್ಲಿ ನನ್ನ ತಪ್ಪೊಪ್ಪಿಗೆ ಅಚ್ಚಾಗುತ್ತದೆ. ಪುಟ ನಿಮಗೆ ಬೇಕಿದ್ದರೆ ಅದು ನಿಮ್ಮದು, ನಿಮ್ಮೊಬ್ಬರದೇ. ಕಾಲೇಜಿನಲ್ಲಿ ಆ ಸಂಚಿಕೆ ನೋಡಿ ನಗುವವರು ನಗಲಿ. ಹೆದರಿಕೆ ಇಲ್ಲವೆಂದರೆ ಅದೂ ಸುಳ್ಳಾದೀತು.

ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕೇಳುವ ಮುಖ ನನಗಿಲ್ಲ. ಅಣ್ಣನಿಗೆ ಈ ಕಾಗದ ತೋರಿಸುವುದು ಬಿಡುವುದು ನಿಮ್ಮಿಷ್ಟ.

ನಿಮ್ಮ ಕೈಕೆಳಗೆ ಬರೆಯಲು ಕಲಿತವಳು,
ನಾದಿನಿ

ಮತ್ತೆ: ಅಂಗಿಗಳ ಕೆಳಗೆ ಮೂವತ್ತೆಂಟು ಪತ್ರಗಳಿವೆ. “ಅತ್ತಿಗೆ ಎಲ್ಲಿ ಹೋದರು?” ಎಂದು ಎರಡು ವರ್ಷದಿಂದ ನಿಮ್ಮ ಓದುಗರು ಬರೆದವು. ಒಬ್ಬ ದಾದಿ, ಒಬ್ಬ ಬಸ್ ಚಾಲಕಿ, ಶಾಲೆಯ ಹುಡುಗಿಯರು. ನಿಮಗೆ ತಲುಪಿಸಲೆಂದು ಸಂಪಾದಕಿ ನನ್ನ ಕೈಗೇ ಕೊಡುತ್ತಿದ್ದರು. ಏಳನ್ನು ಒಡೆದು ಓದಿದೆ, ಆಮೇಲೆ ನಿಲ್ಲಿಸಿದೆ. ಆ ಏಳರಲ್ಲಿ ಒಬ್ಬರೂ ನನ್ನನ್ನು ವಿಚಾರಿಸಿರಲಿಲ್ಲ.