ವಿಧವೆ ಎಂದು ಬರೆಸದವಳು

ಇರ್ಬಿದ್, ಜೋರ್ಡಾನ್
22 ನವೆಂಬರ್ 2018

ರಹಫ್‌ಳ ಅಪ್ಪನಿಗೆ, ಖಿತಾಮ್‌ಳ ಸಲಾಮುಗಳು.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಅಲ್ಲಿ ಈ ಚಳಿಗೆ ಹೊದೆಯಲು ಏನಾದರೂ ಕೊಡುತ್ತಾರೆಯೇ? ನಮ್ಮ ಸಿರಿಯಾದ ಗಡಿಯ ಊರು ದರಾ ದಾಟುವಾಗ ಸೈನಿಕರು ನಿಮ್ಮನ್ನು ಬಸ್ಸಿನಿಂದ ಇಳಿಸಿಕೊಂಡು ಐದು ವರ್ಷ ಏಳು ತಿಂಗಳಾಯಿತು. ಯಾವ ಜೈಲಿನಲ್ಲಿದ್ದೀರಿ ಎಂದು ಇವತ್ತಿಗೂ ಯಾರೂ ಹೇಳುತ್ತಿಲ್ಲ. ಗಡಿ ಮತ್ತೆ ತೆರೆದಿರುವುದರಿಂದ ಟ್ಯಾಕ್ಸಿಯವನ ಕೈಯಲ್ಲಿ ಈ ಕಾಗದವನ್ನು ಊರಿನಲ್ಲಿರುವ ಅತ್ತೆಯವರಿಗೆ ಕಳಿಸುತ್ತಿದ್ದೇನೆ. ನಿಮ್ಮ ಸುಳಿವು ಸಿಕ್ಕ ದಿನ ಅವರು ತಲುಪಿಸಲಿ.

ನಾವು ಚೆನ್ನಾಗಿದ್ದೇವೆ. ರಹಫ್‌ಗೆ ಹನ್ನೊಂದು ತುಂಬಿತು. ಮಧ್ಯಾಹ್ನದ ಪಾಳಿಯ ಶಾಲೆಗೆ ಹೋಗುತ್ತಾಳೆ. ಬೆಳಗಿನ ಪಾಳಿ ಇಲ್ಲಿನ ಮಕ್ಕಳದು. ಲೆಕ್ಕದಲ್ಲಿ ನಿಮ್ಮ ಹಾಗೇ ಹಿಂದೆ, ಬೇಜಾರು ಮಾಡಿಕೊಳ್ಳಬೇಡಿ. ಹನ್ನೆರಡು ವರ್ಷ ಗಣಿತ ಕಲಿಸಿದ ನನಗೆ ಇಲ್ಲಿ ಪಾಠ ಹೇಳಲು ಪರವಾನಗಿಯಿಲ್ಲ. ಬದನೆಯಲ್ಲಿ ಅನ್ನ ತುಂಬಿ ಬೇಯಿಸುವವರಿಗೆ ಕೂಲಿಗೆ ಕಾಯಿ ಕೊರೆದುಕೊಡುತ್ತೇನೆ. ಮೊನ್ನೆ ಮನೆಯ ಮಾಲೀಕಳು, "ನಿಮ್ಮೂರು ತಣ್ಣಗಾಯ್ತಂತಲ್ಲ, ಯಾವಾಗ ಹೊರಡ್ತೀರಿ?" ಎಂದಳು. "ನಿಮ್ಮ ನಲ್ಲೀಲಿ ದಿನಾ ನೀರು ಬರೋಕೆ ಶುರುವಾಗ್ಲಿ ಅಕ್ಕ, ಆಮೇಲೆ ಹೇಳ್ತೀನಿ" ಎಂದೆ. ಅವಳೂ ನಕ್ಕಳು.

ಹೋದ ಮಂಗಳವಾರ ಕೆನಡಾಗೆ ಕಳಿಸುವವರ ಪಟ್ಟಿಗೆಂದು ನಿರಾಶ್ರಿತರ ಕಚೇರಿಗೆ ಕರೆದಿದ್ದರು. ನಿಮ್ಮ ತಮ್ಮ ರಿಯಾದ್ ಜೊತೆಗೆ ಬಂದ. ಗುಮಾಸ್ತ ಕಡತ ತಿರುವಿ ಹಾಕಿ, "ಗಂಡ ಕಾಣೆ ಅಂತಿದ್ರೆ ಮಗೂನ ಕರ್ಕೊಂಡು ಹೋಗೋಕೆ ಅವನ ಒಪ್ಪಿಗೆ ಕೇಳ್ತಾರೆ. ವಿಧವೆ ಅಂತ ಬರೆಸಿಬಿಡಮ್ಮ, ಬೇಗ ಆಗುತ್ತೆ. ಇಬ್ಬರು ಸಾಕ್ಷಿ ಇದ್ರೆ ಸಾಕು" ಎಂದ. ರಿಯಾದ್ ತಲೆ ತಗ್ಗಿಸಿಕೊಂಡೇ, "ಒಂದು ಸಹಿ ನಾನು ಹಾಕ್ತೀನಿ ಅತ್ತಿಗೆ" ಎಂದ. ರಹಫ್‌ಳ ಓದು, ಮುಂದಿನ ಬದುಕು ಎಲ್ಲ ಆ ಒಂದು ಪದಕ್ಕೆ ನಿಂತಿತ್ತು, ಗೊತ್ತು. ಆದರೂ ಕೇಳಿದೆ: "ಹೆಣ ನೋಡಿದ್ದೀಯಾ ರಿಯಾದ್? ನೋಡದೆ ಏನಂತ ಸಾಕ್ಷಿ ಹೇಳ್ತೀಯ?" ಗುಮಾಸ್ತನ ಪೆನ್ನು ಕಸಿದುಕೊಂಡು 'ವಿವಾಹಿತೆ' ಎಂದು ನಾನೇ ಬರೆದೆ. ನಮ್ಮ ಕಡತ ರಾಶಿಯ ತಳಕ್ಕೆ ಹೋಯಿತು. ಬಸ್ ನಿಲ್ದಾಣದಲ್ಲಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ರಹಫ್‌ಗೆ ಹೇಳಿದರೆ, "ಆ ಕೆನಡಾ ಚಳೀಲಿ ಯಾರಿರ್ತಾರೆ, ಬಿಡಮ್ಮ" ಎಂದಳು. ಅವಳ ನಾಲಿಗೆಯೂ ನಿಮ್ಮದೇ.

ನಿಮ್ಮನ್ನು ಕಾಯುವ ಹೊಣೆ ದೇವರದು. ಮಗಳದು ನನ್ನದು.

ನಿಮ್ಮ ಹೆಂಡತಿ,
ಖಿತಾಮ್

ಮರೆತಿದ್ದೆ: ನಿನ್ನೆ ರಿಯಾದ್ ಸಿಹಿಯ ಡಬ್ಬಿ ಹಿಡಿದು ನನಗೊಂದು ಸಂಬಂಧ ತಂದಿದ್ದ. ಹೆಂಡತಿ ತೀರಿಕೊಂಡ ಬೇಕರಿಯವನದು. ಡಬ್ಬಿಯನ್ನೂ ಅವನನ್ನೂ ಮೆಟ್ಟಿಲಿನಿಂದಲೇ ವಾಪಸು ಕಳಿಸಿದೆ. ಈ ಕಾಗದ ಕೈಸೇರಿದರೆ, ಬದುಕಿದ್ದೇನೆ ಎಂದು ಒಂದು ಸಾಲು ಬರೆಯಿರಿ. ನನಗಲ್ಲ, ರಿಯಾದ್‌ಗೆ. ನನಗೆ ಗೊತ್ತಿದೆ.