ಸಾಕ್ಷಿನೆಲದ ಮೇಲೆ ಅವ್ವ ಕೂತದ್ದು

ತುಂಗಭದ್ರೆಯ ಮೇಲ್ದಂಡೆ
೩೧ ಫೆಬ್ರವರಿ ೨೨೯೧

ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿರುವ ತಾಯಂದಿರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಾವು ತಿಂಗಳುಗಳನ್ನು ಮತ್ತೆ ಹಂಚಿಕೊಂಡಿದ್ದೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನನ್ನ ಹೆಸರು ಇರುವಂತಿ. ವೃತ್ತಿಯಿಂದ ನೆಲಗಾರ್ತಿ, ಅಂದರೆ ಬೆತ್ತ ಹಿಡಿದು ನೆಲ ಕಾಯುವವಳು.

ನೆಲವೆಂದರೆ ಸಾಕ್ಷಿನೆಲ. ಬಸ್ಸು, ಸಂತೆ, ಊಟದ ಮನೆ, ನಮ್ಮ ಮನೆಗಳ ಪಡಸಾಲೆ, ಎಲ್ಲೆಡೆ ಬೂದುಬಣ್ಣದ ಈ ಹಾಸು ಇದೆ. ಮಕ್ಕಳದ್ದಲ್ಲ, ದೊಡ್ಡವರ ಒಂದು ಹನಿ ಮೂತ್ರ ಬಿದ್ದರೂ ಅಲ್ಲಿ ಕಡುನೇರಳೆ ಕಲೆ ಮೂಡುತ್ತದೆ. ಮೊದಲು ಇದನ್ನು ಆಸ್ಪತ್ರೆಗಳಲ್ಲಿ ಹಾಸಿದ್ದು ಒಳ್ಳೆಯದಕ್ಕೇ. ನಿಮ್ಮ ಕಾಲದಲ್ಲಿ ಮೂರು ನಾಲ್ಕು ಹೆಂಗಸರಲ್ಲಿ ಒಬ್ಬಳಿಗೆ ಕೆಮ್ಮಿದರೆ, ನಕ್ಕರೆ, ಬಿಂದಿಗೆ ಎತ್ತಿದರೆ ಮೂತ್ರ ಸೋರುತ್ತಿತ್ತಂತೆ. ಮದುವೆಗೆ ಹೋಗುವುದನ್ನು ಬಿಟ್ಟಿರಿ, ನೀರು ಕುಡಿಯುವುದನ್ನು ಬಿಟ್ಟಿರಿ, ಗಂಡನ ಪಕ್ಕ ಮಲಗುವುದನ್ನೂ ಬಿಟ್ಟಿರಿ. ಬಾಯಿ ಮಾತ್ರ ಬಿಡಲಿಲ್ಲ. ನೀವು ಹೇಳದ್ದನ್ನು ನೆಲವಾದರೂ ಹೇಳಲಿ ಎಂದು ಇದನ್ನು ಮಾಡಿದರು. ಆಮೇಲೆ ತಳಗಟ್ಟು ಬಂತು. ಮೂತ್ರಕೋಶವನ್ನು ಹೊತ್ತ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವದು. ನಮ್ಮ ಹುಡುಗಿಯರು ಶಾಲೆಯಲ್ಲೇ ಕಲಿಯುತ್ತಾರೆ. ಬಹಳ ಜನಕ್ಕೆ ಗುಣವಾಯಿತು. ಗುಣವಾಗದವರನ್ನು ಸೋಮಾರಿಗಳು ಎಂದರು, ಸೋಮಾರಿಗೆ ಮೂರು ಏಟು ಎಂದು ಕಾನೂನು ಮಾಡಿದರು. ನಾನು ಹನ್ನೊಂದು ವರ್ಷ ಹೊಡೆದಿದ್ದೇನೆ. ಬೆನ್ನಿನ ಚರ್ಮ ಸುಲಿದು ಬೆತ್ತಕ್ಕೆ ಅಂಟಿದ್ದನ್ನು ಕಂಡಿದ್ದೇನೆ, ಕೈ ತೊಳೆದು ಊಟಕ್ಕೆ ಕೂತಿದ್ದೇನೆ.

ಹೋದ ತಿಂಗಳು ನನ್ನ ಮಗಳ ನಾಮಕರಣ. ಬೆತ್ತ ಎಂದಿನಂತೆ ಸೊಂಟದಲ್ಲೇ ಇತ್ತು. ನನ್ನ ಅವ್ವ ಹೊಂಬಾಳೆ ಬಿಗಿ ಸ್ವಭಾವದವಳು, ನಾಲ್ಕು ಜನರೆದುರು ಹಲ್ಲು ಬಿಟ್ಟವಳಲ್ಲ. ಅಂಥವಳು ನೆಂಟರ ನಡುವೆ ನುಗ್ಗಿ ಬಂದು, ತೊಟ್ಟಿಲ ಪಕ್ಕ ದೊಪ್ಪನೆ ಕೂತು, ಗಹಗಹಿಸಿ ನಕ್ಕಳು. "ಅಯ್ಯಯ್ಯ, ನಕ್ಕೂ ನಕ್ಕೂ ಉಚ್ಚಿ ಹೊಯ್ಕೊಂಡ್ಬಿಟ್ಟೆ ನೋಡ್ರೇ!" ಎಂದು ಕೂಗಿದಳು. ಅವಳ ಸೀರೆಯಂಚಿನ ಕೆಳಗೆ ನೆಲದಲ್ಲಿ ನೇರಳೆ ಕಾಣಿಸಿತು. "ನಾಚ್ಕಿಗೆಟ್ಟಾಕಿ!" ಎಂದು ನನ್ನ ಅತ್ತೆ ತೊಟ್ಟಿಲ ಹಗ್ಗ ಬಿಚ್ಚಿ ಅವಳ ಮುಖಕ್ಕೆ ಬೀಸಿದಳು. ಗಂಡಸರು ತುರುಬು ಹಿಡಿದು ಎಳೆದಾಡಿದರು, ಒದ್ದರು. ಕಾನೂನಿನ ಏಟು ನನ್ನದು. ಹೊಡೆದೆ. ಒಂದು ಭುಜಕ್ಕೆ, ಒಂದು ಸೊಂಟಕ್ಕೆ, ಕೊನೆಯದು ಅವಳು ಹೊರಳಿದ್ದರಿಂದ ಕಿವಿಯ ಹಿಂದಕ್ಕೆ. ರಕ್ತಕ್ಕೆ ಸಾಕ್ಷಿನೆಲ ಬಣ್ಣ ಬದಲಿಸುವುದಿಲ್ಲ. ಮೂರನೆಯ ದಿನ ಅವ್ವ ಸತ್ತಳು.

ಈಗ ನಿಜ ಹೇಳುತ್ತೇನೆ. ಅವಳು ಕೂರುವ ಮೊದಲೇ ಅಲ್ಲಿ ಕಲೆಯಿತ್ತು. ತೊಟ್ಟಿಲು ಎತ್ತಿಡುವಾಗ ಸೋರಿದ್ದು ನನಗೆ. ಹೆರಿಗೆಯಾದಾಗಿನಿಂದ ಸೋರುತ್ತಿದೆ; ನಾನೂ ನಿಮ್ಮಂತೆಯೇ ಯಾರಿಗೂ ಹೇಳಿರಲಿಲ್ಲ. ಅವ್ವ ಕಲೆಯನ್ನು ಕಂಡು ಅದರ ಮೇಲೆ ಕೂತಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮೂರೂ ಏಟು ಹೊಡೆದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಈ ಕಾಗದ ಕೆಳಗಿಡುವ ಮೊದಲು ಪಕ್ಕದ ಹೆಂಗಸಿಗೆ "ನನಗೆ ಸೋರುತ್ತದೆ" ಎಂದು ಹೇಳಿ. ಅವಳೂ ಹೇಳಿಯಾಳು. ನೀವೇ ಹೇಳಿದರೆ ಈ ನೆಲವನ್ನು ಯಾರೂ ಮಾಡಬೇಕಾಗುವುದಿಲ್ಲ. ನಾಳೆ ಸಂತೆಯಲ್ಲಿ ಬೆತ್ತ ಕೆಳಗಿಟ್ಟು ನಾನೂ ಇದನ್ನೇ ಹೇಳುತ್ತೇನೆ. ಹೊಸ ನೆಲಗಾರ್ತಿಯ ಕೈ ಬಲು ಗಟ್ಟಿ. ಅವಳಿಗೆ ಹೊಡೆಯಲು ಕಲಿಸಿದವಳು ನಾನೇ.

ಹೊಂಬಾಳೆಯ ಮಗಳು,
ಇರುವಂತಿ